ವಸ್ತುಸಂಗ್ರಹಾಲಯವೂ ಮಕ್ಕಳ ಕಿರುಚಿತ್ರವೂ

ಶಾಲೆಯ ಮಕ್ಕಳು ತಮ್ಮ ನೆರೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ, ಅಲ್ಲಿಯ ಒಂದು ಕಲ್ಲನ್ನೋ ಪಾತ್ರೆಯನ್ನೋ ಆಯುಧವನ್ನೋ ಆರಿಸಿಕೊಂಡು, ಕೈಫೋನಿನ ಕ್ಯಾಮರಾದಿಂದ ಐದಾರು ನಿಮಿಷಗಳ ಚಲಚ್ಚಿತ್ರವೊಂದನ್ನು ಸಿದ್ಧಪಡಿಸುವುದು ಈಗ ಅಪೂರ್ವವಾದ ಸಂಗತಿಯಲ್ಲ. ಇಂತಹ ಚಿತ್ರಗಳನ್ನು ವಾರ್ಷಿಕೋತ್ಸವದಲ್ಲಿ ತೋರಿಸಿ, ಚಪ್ಪಾಳೆ ತಟ್ಟಿ, ಆಮೇಲೆ ಮರೆತುಬಿಡುವುದು ವಾಡಿಕೆಯಾಗಿದೆ. ಇವು ವಿಮರ್ಶೆಗೆ ತಕ್ಕ ವಿಷಯವೆಂದು ವಿದ್ವಾಂಸರಾರೂ ಭಾವಿಸಿದಂತೆ ತೋರಲಿಲ್ಲ. ಮಕ್ಕಳ ಕೃತಿಯನ್ನು ಒರೆಗೆ ಹಚ್ಚುವುದು ನಿರ್ದಯವೆಂಬ ಸಂಕೋಚ ಇದಕ್ಕೆ ಒಂದು ಕಾರಣವಿರಬಹುದು. ಆದರೆ ಒಂದು ಕೃತಿಯನ್ನು ಬರಿದೆ ಹೊಗಳಿ ಕಳುಹಿಸುವುದೆಂದರೆ ಅದನ್ನು ಓದದೆ ಹಿಂದಿರುಗಿಸಿದಂತೆಯೇ ಸರಿ. ಆದಕಾರಣ ನಾನು ನೋಡಿದ ಮೂರು ಚಿತ್ರಗಳನ್ನು ಮುಂದಿಟ್ಟುಕೊಂಡು, ಅವುಗಳ ಗುಣದೋಷಗಳನ್ನು ದೊಡ್ಡವರ ಕೃತಿಗಳ ವಿಷಯದಲ್ಲಿ ಹೇಗೋ ಹಾಗೆಯೇ ವಿಚಾರಮಾಡಲು ಇಲ್ಲಿ ಪ್ರಯತ್ನಿಸಿದ್ದೇನೆ. ಶಾಲೆಗಳ ಹೆಸರನ್ನೂ ಮಕ್ಕಳ ಹೆಸರನ್ನೂ ಹೇಳುವ ಅಗತ್ಯವಿಲ್ಲ. ಈ ಮೂರರಲ್ಲಿ ಒಂದರ ದೋಷಕ್ಕೆ ನಾನೇ ಹೊಣೆಗಾರನೆಂಬುದನ್ನು ಮಾತ್ರ ಮೊದಲಲ್ಲಿಯೇ ಒಪ್ಪಿಕೊಳ್ಳುವುದು ಯುಕ್ತ.

ಆ ಚಿತ್ರವು ಆತಕೂರ ಕಲ್ಲನ್ನು ಕುರಿತದ್ದು. 1865ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಶಿಲೆಗಳಲ್ಲಿ ಇದಕ್ಕಿಂತ ಪ್ರಸಿದ್ಧವಾದುದು ವಿರಳ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಈ ಶಾಸನವನ್ನು ರೈಸರು ಎಪಿಗ್ರಾಫಿಯಾ ಕರ್ನಾಟಿಕದ 3ನೆಯ ಸಂಪುಟದಲ್ಲಿ ಪ್ರಕಟಿಸಿದರು. ಶಕ 872, ಅಂದರೆ ಕ್ರಿ. ಶ. 949-50, ಇದರ ಕಾಲ. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಎತ್ತಿಹೋದುದು, ಗಂಗ ಬೂತುಗನು ಆ ಕಾಳಗದಲ್ಲಿ ರಾಜಾದಿತ್ಯನನ್ನು ಕೊಂದುದು, ಅದಕ್ಕಾಗಿ ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300 ಮೊದಲಾದ ನಾಡುಗಳನ್ನು ಪಡೆದುದು, ಇವೆಲ್ಲ ಇದರಲ್ಲಿ ಬರುತ್ತವೆ. ದಕ್ಷಿಣ ಹಿಂದೂಸ್ಥಾನದ ಇತಿಹಾಸವನ್ನು ಬರೆಯುವವರಾರೂ ಈ ಶಾಸನವನ್ನು ಬಿಟ್ಟು ಮುಂದುವರಿಯಲಾರರು.

ಆದರೆ ಕಲ್ಲನ್ನು ನಿಲ್ಲಿಸಿದುದು ಇದಕ್ಕಾಗಿಯಲ್ಲ. ಬೂತುಗನ ಆಳಾದ ಮಣಲೆರನು ಆ ಯುದ್ಧದಲ್ಲಿ ಒಡೆಯನು ಮೆಚ್ಚುವಂತೆ ಹೋರಾಡಿದನು. ಏನು ಬೇಕೆಂದು ಕೇಳಲು, ಕಾಳಿ ಎಂಬ ಬೇಟೆನಾಯಿಯನ್ನು ದಯಪಾಲಿಸಬೇಕೆಂದು ಬೇಡಿ ಪಡೆದನು. ಅನಂತರ ಬೆಳತೂರ ಪಡುವಣ ದಿಣ್ಣೆಯಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಡಲು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನಡಿಸಿ, ಅದಕ್ಕೆ ಮಣ್ಣನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಶಾಸನ ಎಚ್ಚರಿಸುತ್ತದೆ. ಕಲ್ಲಿನಲ್ಲಿ ಕೊರೆದಿರುವ ಚಿತ್ರವೂ ನಾಯಿಯೂ ಹಂದಿಯೂ ಒಂದನ್ನೊಂದು ತಾಗಿ ಹೋರಾಡುತ್ತಿರುವುದೇ ಹೊರತು ತಕ್ಕೋಲದ ಕಾಳಗವಲ್ಲ.

ಬೆಂಗಳೂರಿನ ಒಂದು ಪ್ರೌಢಶಾಲೆಯ ಎಂಟನೆಯ ತರಗತಿಯ ಮಕ್ಕಳು ಈ ಕಲ್ಲಿನ ಮೇಲೆ ಏಳು ನಿಮಿಷದ ಚಿತ್ರವನ್ನು ತೆಗೆದರು. ಆ ಶಾಲೆಯ ಕನ್ನಡದ ಮೇಷ್ಟರು ನನಗೆ ಪರಿಚಿತರಾದುದರಿಂದ ಮೊದಲ ಪ್ರತಿಯನ್ನು ನನಗೆ ತೋರಿಸಿ, ತಪ್ಪುಗಳಿದ್ದರೆ ತಿದ್ದಬೇಕೆಂದು ಕೇಳಿದರು. ಆ ಪ್ರತಿಯು ಹೀಗಿದ್ದಿತು. ಮೊದಲು ಒಂದು ನಿಮಿಷದಷ್ಟು ಕಾಲ ಮಾತೇ ಇಲ್ಲ. ಹನ್ನೆರಡು ಹದಿಮೂರು ವರ್ಷದ ಹುಡುಗಿಯ ಕಣ್ಣಿನ ಎತ್ತರದಿಂದ ಕ್ಯಾಮರಾ ಕಲ್ಲನ್ನು ನೋಡುತ್ತ ನಿಲ್ಲುತ್ತದೆ. ಹಿಡಿದ ಕೈ ಕೊಂಚ ನಡುಗುತ್ತದೆ. ಹಿನ್ನೆಲೆಯಲ್ಲಿ ಯಾರೋ ನಡೆದುಹೋದ ಹೆಜ್ಜೆಯ ಸಪ್ಪಳ, ಒಂದು ಕೆಮ್ಮು. ಬಳಿಕ ಹುಡುಗಿಯ ದನಿ: “ಇದು ಯುದ್ಧದ ಕಲ್ಲು ಅಂತ ಸಾರ್ ಹೇಳಿದರು. ಆದರೆ ಇದರಲ್ಲಿ ರಾಜ ಇಲ್ಲ. ನಾಯಿ ಇದೆ.” ಕ್ಯಾಮರಾ ನಾಯಿಯ ಕಡೆಗೆ ಸರಿದು, ಅಲ್ಲಿಂದ ಹಂದಿಗೆ ಹೋಗಿ, ಮತ್ತೆ ನಾಯಿಗೆ ಬರುತ್ತದೆ. “ಹಂದಿ ದೊಡ್ಡದು. ಆದರೂ ನಾಯಿ ಬಿಟ್ಟಿಲ್ಲ” ಎಂದು ಇನ್ನೊಂದು ಮಗುವಿನ ದನಿ. ಆಮೇಲೆ ಅಕ್ಷರಗಳ ಮೇಲೆ ನಿಧಾನವಾಗಿ ಸಾಗಿ, ಓದಲು ಬಾರದ ಕನ್ನಡವನ್ನು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸುವ ಒಂದು ಭಾಗ. ಕೊನೆಯಲ್ಲಿ ಕಲ್ಲಿನ ಮುಂದೆ ನಿಂತ ಒಬ್ಬ ಹುಡುಗನ ಪ್ರಶ್ನೆ: “ಈಗ ಇದಕ್ಕೆ ಪೂಜೆ ಯಾರು ಮಾಡ್ತಾರೆ ಸಾರ್?” ಉತ್ತರವಿಲ್ಲದೆ ಚಿತ್ರ ಮುಗಿಯುತ್ತದೆ.

ನಾನು ಮಾಡಿದ ತಿದ್ದುಪಾಟು ಏನೆಂದರೆ: ಮೌನವಾಗಿದ್ದ ಮೊದಲ ನಿಮಿಷದಲ್ಲಿ ರಾಷ್ಟ್ರಕೂಟರ ವಂಶಾವಳಿಯನ್ನು ತುಂಬಿಸಿದೆನು. “ರಾಜ ಇಲ್ಲ, ನಾಯಿ ಇದೆ” ಎಂಬ ವಾಕ್ಯವನ್ನು ಶಾಸನದಲ್ಲಿ ಮೂವರು ಅರಸರ ಪ್ರಸ್ತಾಪವಿರುವ ಕಾರಣ ತಪ್ಪೆಂದು ಹೊಡೆದುಹಾಕಿ, ಅದರ ಸ್ಥಾನದಲ್ಲಿ ಶಕವರ್ಷವನ್ನೂ ನಾಡುಗಳ ಸಂಖ್ಯೆಯನ್ನೂ ಸೇರಿಸಿದೆನು. ಕೊನೆಯ ಪ್ರಶ್ನೆಯು ವಿಷಯಾಂತರವೆಂದು ತೋರಿತು, ಅದೂ ಹೋಯಿತು. ಆಡುಮಾತನ್ನೆಲ್ಲ ಗ್ರಂಥಸ್ಥ ಭಾಷೆಗೆ ತಿರುಗಿಸಿದೆನು. ಮಕ್ಕಳು ವಿಧೇಯರಾಗಿ ಅದನ್ನು ಬಾಯಿಪಾಠಮಾಡಿ ಮತ್ತೆ ಧ್ವನಿಮುದ್ರಣ ಮಾಡಿದರು. ಹೊಸ ಪ್ರತಿಯಲ್ಲಿ ಒಂದು ಸಂಗತಿಯೂ ತಪ್ಪಿಲ್ಲ. ವಾರ್ಷಿಕೋತ್ಸವದಲ್ಲಿ ಅದನ್ನು ತೋರಿಸಿದಾಗ ಎರಡನೆಯ ಸಾಲಿನಲ್ಲಿ ಕುಳಿತಿದ್ದ ನನಗೆ ಮೂರನೆಯ ನಿಮಿಷದಲ್ಲಿ ಆಕಳಿಕೆ ಬಂದಿತೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಚಿತ್ರಗಳು ಮೊದಲಿನವೇ, ಕಲ್ಲೂ ಅದೇ. ಆದರೆ ಮಾತು ಒಂದು ಕಡೆಗೂ ಕಣ್ಣು ಇನ್ನೊಂದು ಕಡೆಗೂ ಹೋಗುತ್ತಿದ್ದವು. ಬನವಾಸಿ 12000 ಎಂಬ ಮಾತು ಕೇಳಿಬರುವಾಗ ತೆರೆಯ ಮೇಲೆ ಹಂದಿಯ ಮೂತಿ ಇದ್ದಿತು.

ಈ ಎರಡು ಪ್ರತಿಗಳಿಗಿರುವ ಅಂತರವನ್ನು ಹೇಳಲು ನಮ್ಮ ಅಲಂಕಾರಶಾಸ್ತ್ರದಲ್ಲಿಯೇ ತಕ್ಕ ಮಾತುಂಟು. ಸೂರ್ಯನು ಮುಳುಗಿದನು, ಹಕ್ಕಿಗಳು ಗೂಡಿಗೆ ಹೋಗುತ್ತಿವೆ ಎಂಬಂತಹ ಹೇಳಿಕೆಯು ಕಾವ್ಯವಾದೀತೆ ಎಂದು ಕೇಳಿ, ಭಾಮಹನು ಅದನ್ನು ವಾರ್ತೆಯೆಂದು ಬದಿಗಿಟ್ಟನಷ್ಟೆ. ವಸ್ತುಸಂಗ್ರಹಾಲಯದ ಫಲಕವನ್ನು ಗಟ್ಟಿಯಾಗಿ ಓದುವ ಚಿತ್ರವು ಇಂತಹ ವಾರ್ತೆ. ದಂಡಿಯು ಸ್ವಭಾವೋಕ್ತಿಯನ್ನು, ಅಂದರೆ ವಸ್ತುವನ್ನು ಅದಿದ್ದಂತೆ ಕಣ್ಣಿಗೆ ಕಟ್ಟುವಂತೆ ಹೇಳುವುದನ್ನು, ಅಲಂಕಾರಗಳಲ್ಲೆಲ್ಲ ಮೊದಲನೆಯದೆಂದು ಎಣಿಸಿದನು. ಕುಂತಕನು ಇದಕ್ಕೆ ಒಪ್ಪಲಿಲ್ಲ. ಸ್ವಭಾವವೆಂಬುದು ಅಲಂಕರಿಸಬೇಕಾದ ಶರೀರ, ಅದೇ ಅಲಂಕಾರವಾಗುವುದೆಂತು ಎಂಬುದು ಅವನ ಆಕ್ಷೇಪ. ಕಾವ್ಯದ ವಿಷಯದಲ್ಲಿ ಕುಂತಕನ ತರ್ಕ ಬಲವಾದುದು. ಚಲಚ್ಚಿತ್ರದಲ್ಲಿ, ಅದರಲ್ಲಿಯೂ ಒಂದೇ ವಸ್ತುವನ್ನು ಕುರಿತ ಕಿರುಚಿತ್ರದಲ್ಲಿ, ದಂಡಿಯ ಕಡೆಗೇ ನ್ಯಾಯವಿರುವಂತೆ ನನಗೆ ತೋರುತ್ತದೆ. ಏಕೆಂದರೆ ಕಲ್ಲು ಇದ್ದಂತೆ ಇರುವುದು ಬೇರೆ, ಅದನ್ನು ಇದ್ದಂತೆ ಕಾಣಿಸುವುದು ಬೇರೆ. ಯಾವ ಎತ್ತರದಿಂದ ನೋಡಬೇಕು, ಎಷ್ಟು ಹೊತ್ತು ನಿಲ್ಲಬೇಕು, ನಾಯಿಯಿಂದ ಹಂದಿಗೆ ಹೋಗಿ ಮತ್ತೆ ನಾಯಿಗೇ ಏಕೆ ಬರಬೇಕು, ಎಂಬ ಆಯ್ಕೆಯಲ್ಲಿ ಆ ಮಕ್ಕಳ ಕವಿಕರ್ಮವಿದ್ದಿತು. ಬಾಣನು ಅಗ್ರಾಮ್ಯವಾದ ಸ್ವಭಾವೋಕ್ತಿ ದುರ್ಲಭವೆಂದುದನ್ನು ಮೇಷ್ಟರಾದವರು ತರಗತಿಯಲ್ಲಿ ಹೇಳುತ್ತೇವೆ. ಎದುರಿಗೆ ಬಂದಾಗ ಗುರುತಿಸುವುದಿಲ್ಲ.

“ರಾಜ ಇಲ್ಲ, ನಾಯಿ ಇದೆ” ಎಂಬ ಮಾತು ಸರಸವಾಗಿದ್ದರೂ ಶಾಸ್ತ್ರಸಮ್ಮತವಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಾನೂ ಅಂದು ಹಾಗೆಯೇ ಎಣಿಸಿದೆನು. ಪುನಃ ವಿಚಾರಮಾಡಿದರೆ ಅದು ತಪ್ಪೇ ಅಲ್ಲ. ಹುಡುಗಿ ಶಾಸನದ ಪಾಠದ ಮಾತನ್ನು ಆಡಲಿಲ್ಲ, ಶಿಲ್ಪದ ಮಾತನ್ನು ಆಡಿದಳು. ಶಿಲ್ಪದಲ್ಲಿ ಅರಸನಿಲ್ಲವೆಂಬುದು ನಿಜ. ಅಷ್ಟೇ ಅಲ್ಲದೆ, ಬರಹವು ಚಕ್ರವರ್ತಿಗಳ ಹೆಸರಿನಿಂದ ತುಂಬಿದ್ದರೂ ಕಂಡರಿಸಿದವನು ನಾಯಿಯನ್ನೇ ಏಕೆ ಆರಿಸಿಕೊಂಡನೆಂಬುದು ಈ ಕಲ್ಲಿನ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ. ನಾವು ಇತಿಹಾಸದ ಆಸಕ್ತಿಯಿಂದ ತಕ್ಕೋಲದ ಕಾಳಗಕ್ಕೆ ಓಡಿಹೋಗಿ, ಕಲ್ಲಿನ ಮುಖ್ಯಾರ್ಥವನ್ನು ಅಡಿಟಿಪ್ಪಣಿಯಾಗಿ ಮಾಡಿಬಿಟ್ಟಿದ್ದೇವೆ. ಮಣಲೆರನಿಗೆ ನಾಯಿ ಅಡಿಟಿಪ್ಪಣಿಯಾಗಿರಲಿಲ್ಲ.

ಮತ್ತೆ ನೋಡುವುದರಿಂದ ಏನಾಗುತ್ತದೆಂಬುದಕ್ಕೆ ಈ ಶಾಸನದ ಚರಿತ್ರೆಯಲ್ಲಿಯೇ ಉದಾಹರಣೆಯಿದೆ. ಫ್ಲೀಟರು ಇದನ್ನು ಮೊದಲು ಸಂಪಾದಿಸಿದಾಗ, ಬೂತುಗನು ಅಪ್ಪಿಕೊಳ್ಳುವ ನೆವದಿಂದ ರಾಜಾದಿತ್ಯನನ್ನು ಕಪಟವಾಗಿ ಇರಿದು ಕೊಂದನೆಂಬ ಅರ್ಥವನ್ನು ಮಾಡಿದರು. ಕಳ್ಳತನವೆಂಬ ಅರ್ಥ ಬರುವಂತೆ ಒಂದು ಪದವನ್ನು ಓದಿದುದೇ ಇದಕ್ಕೆ ಕಾರಣ. ಅನಂತರ ಎಪಿಗ್ರಾಫಿಯಾ ಇಂಡಿಕಾದ 6ನೆಯ ಸಂಪುಟದಲ್ಲಿ ಅವರೇ ಅದನ್ನು ತಿದ್ದಿ, ಆ ಪದವು ಕಳ, ಅಂದರೆ ರಣಭೂಮಿ, ಎಂಬುದೆಂದೂ, ಆನೆಯ ಮೇಲಣ ಅಂಬಾರಿಯನ್ನೇ ಕಳನನ್ನಾಗಿ ಮಾಡಿಕೊಂಡು ಬೂತುಗನು ಹೋರಾಡಿದನೆಂಬುದು ತಾತ್ಪರ್ಯವೆಂದೂ ತೋರಿಸಿಕೊಟ್ಟರು. ರಾಜಾದಿತ್ಯನು ಆನೆಯ ಬೆನ್ನಿನ ಮೇಲೆಯೇ ಮಡಿದನೆಂದು ಚೋಳರ ಶಾಸನವೂ ಹೇಳುವುದರಿಂದ ಇದು ಸಮಂಜಸವಾಯಿತು. ಒಂದು ಒತ್ತಕ್ಷರದಷ್ಟು ಭೇದದಿಂದ ವಂಚಕನಾಗಿದ್ದವನು ವೀರನಾದನು. ಈ ಕಥೆಯನ್ನು ಆ ಮಕ್ಕಳಿಗೆ ಹೇಳಿದ್ದರೆ, ಬೆರಳಿನಿಂದ ಅಕ್ಷರ ಬರೆದು ತೋರಿಸುವ ಅವರ ದೃಶ್ಯಕ್ಕೆ ಎಂತಹ ಪುಷ್ಟಿ ಬರುತ್ತಿದ್ದಿತು! ನಾನು ವಂಶಾವಳಿಯನ್ನು ಹೇಳಿದೆನು.

ಇದರಿಂದ ಮಕ್ಕಳು ಮಾಡಿದುದೆಲ್ಲ ಸರಿ, ಹಿರಿಯರು ಕೈಹಾಕಬಾರದು ಎಂಬ ಸಿದ್ಧಾಂತವನ್ನು ಯಾರೂ ಹೊರಡಿಸಬಾರದು. ಎರಡನೆಯ ಚಿತ್ರವನ್ನು ನೋಡಿದರೆ ಈ ಭ್ರಾಂತಿ ಹೋಗುವುದು. ಅದು ಅದೇ ಸಂಗ್ರಹಾಲಯಕ್ಕೆ ಸೇರಿದ ಬೇಗೂರಿನ ವೀರಗಲ್ಲನ್ನು ಕುರಿತದ್ದು. ಗಂಗ ಎರೆಯಪ್ಪನ ಕಾಲದಲ್ಲಿ, ಬೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ನಡೆದ ಯುದ್ಧದಲ್ಲಿ ಮಡಿದ ನಾಗತ್ತರನ ನೆನಪಿಗೆ ನಿಲ್ಲಿಸಿದ ಕಲ್ಲು. ಕಲ್ಲಿನ ತುಂಬ ಕಾಳಗವೇ ಕಾಳಗ: ಕುದುರೆ, ಆನೆ, ಕಾಲಾಳು, ಎದ್ದವರು, ಬಿದ್ದವರು. ಕಣ್ಣಿಟ್ಟು ನೋಡಿದರೆ ಒಂದು ಗಂಟೆಯಾದರೂ ಮುಗಿಯದು. ಈ ಚಿತ್ರದಲ್ಲಿ ಕಲ್ಲು ಕಾಣುವುದು ಆದಿಯಲ್ಲಿ ಹತ್ತು ಸೆಕೆಂಡು, ಅಂತ್ಯದಲ್ಲಿ ಹತ್ತು ಸೆಕೆಂಡು. ನಡುವೆ ಶಾಲೆಯ ಮೈದಾನದಲ್ಲಿ ರಟ್ಟಿನ ಕತ್ತಿಗಳ ಯುದ್ಧ, ಸಿನಿಮಾದಿಂದ ತಂದ ರಣವಾದ್ಯ, ನಾಗತ್ತರನ ಹೆಂಡತಿಯ ದೀರ್ಘ ವಿಲಾಪ. ಶಾಸನದಲ್ಲಿ ವಿಲಾಪದ ಸುಳಿವೇ ಇಲ್ಲ. ನಾಗತ್ತರನು ಬಿದ್ದ ಬಳಿಕ ಆ ಪಟ್ಟವು ಇರುಗನಿಗೆ ದೊರೆತು, ಅವನಿಗೆ ಬೆಂಪೂರು 12 ಎಂಬ ಹಳ್ಳಿಗಳನ್ನು ಕೊಟ್ಟ ವ್ಯವಹಾರದ ಮಾತು ಅಲ್ಲಿರುವುದು. ಸತ್ತವನ ಸ್ಥಾನ ತುಂಬಿದ ಈ ಶುಷ್ಕವಾದ ವಿವರದಲ್ಲಿ, ಸುಮ್ಮನೆ ಓದಿದರೂ, ಕರುಣವು ತಾನಾಗಿ ಇದೆ. ಕಲ್ಪಿತವಾದ ವಿಲಾಪವು ಅದನ್ನು ಕೆಡಿಸಿತು. ಮಕ್ಕಳು ಹುರುಪಿನಿಂದ ಅಭಿನಯಿಸಿದ್ದಾರೆಂಬುದರಲ್ಲಿ ಸಂದೇಹವಿಲ್ಲ. ನಾಟಕವಾಗಿ ಅದಕ್ಕೆ ಬಹುಮಾನ ಕೊಡಬಹುದು. ಬೇಗೂರಿನ ಕಲ್ಲಿನ ಚಿತ್ರವಾಗಿ ಅದು ನಿಲ್ಲುವುದಿಲ್ಲ. ಯಾವ ಕಲ್ಲಿಗಾದರೂ ಹೊಂದುವ ಕಥೆ ಈ ಕಲ್ಲಿನ ಕಥೆಯಾಗಲಾರದು. ಇಲ್ಲಿ ಮೇಷ್ಟರು ಮಾಡಬೇಕಾಗಿದ್ದ ಕೆಲಸ ಉಂಟು: ಮಕ್ಕಳನ್ನು ಮೈದಾನದಿಂದ ಕರೆದುತಂದು ಕಲ್ಲಿನ ಮುಂದೆ ಮತ್ತೆ ಅರ್ಧ ಗಂಟೆ ಕೂರಿಸುವುದು.

ಇಂಗ್ಲೆಂಡಿನಲ್ಲಿ 2010ರಲ್ಲಿ ಬಿ.ಬಿ.ಸಿ. ಸಂಸ್ಥೆಯೂ ಬ್ರಿಟಿಷ್ ಮ್ಯೂಸಿಯಮ್ಮೂ ಕೂಡಿ, ನೂರು ವಸ್ತುಗಳ ಮೂಲಕ ಜಗತ್ತಿನ ಚರಿತ್ರೆಯನ್ನು ರೇಡಿಯೋದಲ್ಲಿ ಪ್ರಸಾರಮಾಡಿದುದು ವಾಚಕರಲ್ಲಿ ಕೆಲವರಿಗೆ ನೆನಪಿರಬಹುದು. ಸಂಗ್ರಹಾಲಯದ ನಿರ್ದೇಶಕರಾಗಿದ್ದ ನೀಲ್ ಮ್ಯಾಕ್‌ಗ್ರೆಗರ್ ಅವರು ಅದನ್ನು ನಿರೂಪಿಸಿದರು. ರೇಡಿಯೋಕ್ಕೆ ಕಣ್ಣಿಲ್ಲ. ಆದುದರಿಂದ ವಸ್ತುವಿನ ತೂಕ, ನುಣುಪು, ಅಂಗೈಯಲ್ಲಿ ಅದು ಕೂರುವ ಬಗೆ, ಎಲ್ಲವನ್ನೂ ಮಾತಿನಲ್ಲಿಯೇ ಕಾಣಿಸಬೇಕಾಯಿತು. ಕಣ್ಣಿರುವ ನಮ್ಮ ಕಿರುಚಿತ್ರಗಳಲ್ಲಿ ಮಾತು ಕಣ್ಣನ್ನು ಮುಚ್ಚಿಬಿಡುವುದು ವಿಪರ್ಯಾಸವಾಗಿದೆ.

ಮೂರನೆಯ ಚಿತ್ರ ನಾಲ್ಕೇ ನಿಮಿಷದ್ದು, ಮೂರರಲ್ಲಿ ಅತ್ಯುತ್ತಮವಾದುದು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವನ್ನು ಸಂದರ್ಶಿಸಿದ ಹಳ್ಳಿಯ ಶಾಲೆಯೊಂದರ ಮಕ್ಕಳು, ಕಿರೀಟ, ಬಣ್ಣದ ಗೊಂಬೆ, ವಾದ್ಯಗಳನ್ನೆಲ್ಲ ಬಿಟ್ಟು, ಬೀಸುವ ಕಲ್ಲನ್ನು ಆರಿಸಿಕೊಂಡರು. ಸಂಗ್ರಹಾಲಯದಲ್ಲಿ ತೆಗೆದ ಭಾಗದಲ್ಲಿ ಕಲ್ಲು ಸುಮ್ಮನೆ ಕುಳಿತಿದೆ. ಅದರ ಮೇಲೆ ಕಿಟಕಿಯ ಬೆಳಕು. ಅಲ್ಲಿಂದ ಯಾವ ಪೀಠಿಕೆಯೂ ಇಲ್ಲದೆ ಒಬ್ಬ ಹುಡುಗಿಯ ಮನೆಯ ಹಿತ್ತಿಲು. ಅವಳ ಅಜ್ಜಿ ಮೂಲೆಯಲ್ಲಿ ಬಿದ್ದಿದ್ದ ಕಲ್ಲನ್ನು ಒರಸಿ, ಒಂದು ಕಾಲನ್ನು ಚಾಚಿ ಕುಳಿತು, ಗೂಟವನ್ನು ಹಿಡಿದು ತಿರುಗಿಸಲು ನೋಡುತ್ತಾಳೆ. ರಾಗಿ ಅರೆಬರೆಯಾಗಿ ಬೀಳುತ್ತದೆ. ಮೇಲಿನ ಕಲ್ಲನ್ನು ಎತ್ತಿಸಿ ಒಳಮೈಯನ್ನು ಅಂಗೈಯಿಂದ ಸವರಿ, “ನುಣ್ಣಗಾಗ್ಬಿಟ್ಟದೆ ಕಣವ್ವ, ಉಳಿ ಹಾಕಿಸ್ಬೇಕು” ಎನ್ನುತ್ತಾಳೆ. ಮೊಮ್ಮಗಳು ಫೋನಿನಲ್ಲಿ ಸಂಗ್ರಹಾಲಯದ ಕಲ್ಲಿನ ಚಿತ್ರವನ್ನು ತೋರಿಸಿದಾಗ ಅವಳು ಕಣ್ಣು ಕಿರಿದುಮಾಡಿ ಬಹಳ ಹೊತ್ತು ನೋಡಿ, ಇದು ಎಡಗೈಯವಳು ಬೀಸಿದ ಕಲ್ಲಿರಬೇಕೆಂದು ಹೇಳುತ್ತಾಳೆ. ಅದು ನಿಜವೋ ಅಲ್ಲವೋ ತಿಳಿಯಲು ನನಗೆ ಸಾಧನವಿಲ್ಲ. ಆದರೆ ಒಂದು ವಸ್ತುವನ್ನು ನೋಡಿ ಅದನ್ನು ಬಳಸಿದವಳ ಕೈಯನ್ನು ಊಹಿಸುವುದು ಸಂಶೋಧಕನ ಕೆಲಸವೇ ಆಗಿದೆ. ಯಾವ ಫಲಕದಲ್ಲಿಯೂ ಅದಕ್ಕೆ ಸ್ಥಳವಿರುವುದಿಲ್ಲ. ಈ ಚಿತ್ರದಲ್ಲಿ ದೋಷಗಳಿಲ್ಲದಿಲ್ಲ. ಅಜ್ಜಿಯ ಮುಖ ಎರಡು ಸಲ ಅರ್ಧಕ್ಕೆ ಕತ್ತರಿಸಿಹೋಗಿದೆ. ಕೊನೆಯಲ್ಲಿ ಅನಾವಶ್ಯಕವಾದ ಕೊಳಲಿನ ಸಂಗೀತವಿದೆ. ಕಲ್ಲಿನ ಗರಗರ ಶಬ್ದ ಸಾಕಾಗಿದ್ದಿತು.

ಈ ಚಿತ್ರದೊಡನೆ ಹೋಲಿಸಿದಾಗ ಆತಕೂರ ಕಲ್ಲಿನ ಮುಂದೆ ಆ ಹುಡುಗನು ಕೇಳಿದ ಪ್ರಶ್ನೆಯ ತೂಕ ನನಗೆ ತಿಳಿಯಿತು. ಬೀಸುವ ಕಲ್ಲಿನ ಮಕ್ಕಳಿಗೆ ಸಂಗ್ರಹಾಲಯದಿಂದ ಮನೆಗೆ ಹೋಗಲು ದಾರಿಯಿದ್ದಿತು. ಆತಕೂರ ಕಲ್ಲಿಗೆ ಹಿಂದಿರುಗಲು ದಾರಿಯಿಲ್ಲ. ಪೂಜಿಸದೆ ಉಣ್ಣಬಾರದೆಂದು ಕಲ್ಲೇ ವಿಧಿಸಿದೆ. ಕಲ್ಲಿರುವುದು ಪೂಜೆಗೆ ಎಡೆಯಿಲ್ಲದ ಕಟ್ಟಡದಲ್ಲಿ. ಇದರಲ್ಲಿ ಯಾರ ತಪ್ಪೂ ಇಲ್ಲವೆನ್ನಬಹುದು. ಬಯಲಿನಲ್ಲಿದ್ದ ಎಷ್ಟೋ ವೀರಗಲ್ಲುಗಳು ಚಪ್ಪಡಿಗಳಾಗಿಯೂ ಒಗೆಯುವ ಕಲ್ಲುಗಳಾಗಿಯೂ ಸವೆದುಹೋದುದನ್ನು ಕಂಡವರು ಸಂಗ್ರಹಾಲಯವನ್ನು ನಿಂದಿಸಲಾರರು. ಆದರೂ ಏನನ್ನೋ ಕೊಟ್ಟು ಏನನ್ನೋ ಪಡೆದಿದ್ದೇವೆಂಬುದು ನಿಜ. ಫ್ರಾನ್ಸಿನಲ್ಲಿ ಅಲೆನ್ ರೆನೆ, ಕ್ರಿಸ್ ಮಾರ್ಕರ್ ಮೊದಲಾದವರು 1953ರಲ್ಲಿ, ಆಫ್ರಿಕದ ಶಿಲ್ಪಗಳು ಯೂರೋಪಿನ ಸಂಗ್ರಹಾಲಯಗಳಲ್ಲಿ ಏನಾದುವೆಂಬುದನ್ನು ಕುರಿತು, ‘ಪ್ರತಿಮೆಗಳೂ ಸಾಯುತ್ತವೆ’ ಎಂಬರ್ಥದ ಹೆಸರಿನಿಂದ ಒಂದು ಕಿರುಚಿತ್ರವನ್ನು ತೆಗೆದರು. ಅಲ್ಲಿಯ ಸರ್ಕಾರ ಅದನ್ನು ಅನೇಕ ವರ್ಷ ತಡೆಹಿಡಿದಿದ್ದಿತು. ಅವರ ಸಂದರ್ಭ ಬೇರೆ, ನಮ್ಮದು ಬೇರೆ. ಒಂದೇ ರಾಜ್ಯದೊಳಗೆ ಮದ್ದೂರಿನಿಂದ ಬೆಂಗಳೂರಿಗೆ ಬಂದ ಕಲ್ಲನ್ನು ಪರದೇಶಕ್ಕೆ ಹೋದ ಪ್ರತಿಮೆಯೊಡನೆ ಸಮೀಕರಿಸುವುದು ಅನ್ಯಾಯ. ಆದರೆ ಪ್ರೌಢರಾದ ಕಲಾವಿದರು ಅರ್ಧ ಗಂಟೆಯ ಚಿತ್ರದಲ್ಲಿ ಮುಟ್ಟಿದ ಸಮಸ್ಯೆಯ ಹತ್ತಿರಕ್ಕೆ ಎಂಟನೆಯ ತರಗತಿಯ ಹುಡುಗನು ಒಂದೇ ವಾಕ್ಯದಿಂದ ಬಂದಿದ್ದನು. ಅದನ್ನು ನಾನು ವಿಷಯಾಂತರವೆಂದು ಕತ್ತರಿಸಿದೆನು.

ಮಕ್ಕಳ ಚಿತ್ರಗಳನ್ನು ತಿದ್ದುವ ಅಧ್ಯಾಪಕರಿಗೆ ನನ್ನ ಅನುಭವದಿಂದ ಒಂದೆರಡು ಮಾತು ಹೇಳಬಹುದಾದರೆ, ಕಾಲ, ಹೆಸರು, ಸ್ಥಳಗಳಲ್ಲಿ ತಪ್ಪಿದ್ದರೆ ತಿದ್ದಬೇಕು, ಅದರಲ್ಲಿ ದಾಕ್ಷಿಣ್ಯ ಕೂಡದು. ಮಗು ಕಂಡು ಆಡಿದ ಮಾತನ್ನು ತಿದ್ದುವ ಮುನ್ನ ತಾವೂ ಒಮ್ಮೆ ಹೋಗಿ ಆ ವಸ್ತುವಿನ ಮುಂದೆ ನಿಲ್ಲಬೇಕು. ನಾನು ಆತಕೂರ ಶಾಸನದ ಪಾಠವನ್ನು ಎಷ್ಟೋ ಸಲ ತರಗತಿಯಲ್ಲಿ ವಿವರಿಸಿದವನು. ಕಲ್ಲನ್ನು ಹಿಂದೆ ಒಂದು ಸಲ ಮಾತ್ರ, ಅದೂ ಅವಸರದಲ್ಲಿ, ನೋಡಿದ್ದೆನು. ಚಿತ್ರವನ್ನು ತಿದ್ದಿದುದು ಮನೆಯಲ್ಲಿ ಕುಳಿತು, ಮುದ್ರಿತ ಪಾಠವನ್ನು ಪಕ್ಕದಲ್ಲಿಟ್ಟುಕೊಂಡು.

ವಾರ್ಷಿಕೋತ್ಸವ ಕಳೆದ ಮೇಲೆ ಮೊದಲ ಪ್ರತಿಯನ್ನೇ ಉಳಿಸಬೇಕೆಂದು ಮೇಷ್ಟರನ್ನು ಕೇಳಿಕೊಂಡೆನು. ಹೊಸ ಧ್ವನಿಯನ್ನು ಸೇರಿಸುವಾಗ ಹಳೆಯದನ್ನು ಅಳಿಸಿಬಿಟ್ಟಿದ್ದರು. ಒಬ್ಬ ಹುಡುಗನ ಅಕ್ಕನ ಫೋನಿನಲ್ಲಿ ಕೊನೆಯ ಎರಡು ನಿಮಿಷಗಳಷ್ಟು ಉಳಿದಿರುವುದಾಗಿ ಮೇಷ್ಟರು ಮೊನ್ನೆ ತಿಳಿಸಿದ್ದಾರೆ. ಪೂಜೆಯ ಪ್ರಶ್ನೆ ಅದರಲ್ಲಿದೆಯಂತೆ. ನಾಯಿಯ ಮಾತು ಇಲ್ಲ.